ರುಜು ಹಾಕುವ ಮುಂಚೆ

(ಸಂತೆಯ ದಿನ ಸಂಜೆ ಸಣ್ಣ ವ್ಯಾಪಾರಿಗಳು ಹಾಗೂ ಕಸುಬುದಾರರ ಸಭೆಯಲ್ಲಿ ಮಾಡಿದ ಭಾಷಣ)



ಸಂತೆ ಮುಗಿಸಿ, ಗಂಟುಮೂಟೆ ಕಟ್ಟಿ, ಇನ್ನೂ ಮನೆಯ ಮುಖ ನೋಡದೆ ಇಲ್ಲಿ ಬಂದು ಕುಳಿತಿದ್ದೀರಿ. ನಿಮ್ಮನ್ನು ಬಹಳ ಹೊತ್ತು ಹಿಡಿದಿಡುವುದಿಲ್ಲ. ನಾವು ವಕೀಲರಲ್ಲ, ಮೆಟ್ರಿಕ್ಕಿನವರೆಗೆ ಓದಿ ಕೆಲವು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವರು. ಆದರೆ ಈಚೆಗೆ ಕೋರ್ಟಿನ ಕಟ್ಟೆಯ ಮೇಲೆ ನಿಮ್ಮಂಥವರ ಜೊತೆ ಕುಳಿತು ಕಾದೂ ಕಾದೂ ಒಂದು ಸಂಗತಿ ಮನಸ್ಸಿಗೆ ಬಂದಿದೆ. ಎಷ್ಟೋ ಜನ ತಮ್ಮ ಕೇಸನ್ನು ಕೋರ್ಟಿನ ಬಾಗಿಲು ನೋಡುವ ಮೊದಲೇ, ಸಾಲ ಕೊಡುವವನ ಗಾದಿಯ ಮುಂದೆ, ಖಾಲಿ ಚೆಕ್ಕಿಗೆ ರುಜು ಹಾಕುವಾಗಲೇ ಅರ್ಧ ಸೋತಿರುತ್ತಾರೆ.

ನಮ್ಮ ಕೈಯಲ್ಲಿ ಓದಿದ ಹುಡುಗನೊಬ್ಬನಿದ್ದಾನೆ. ಹೆಸರು ಬೇಡ. ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾನೆ. ಮೋಟಾರು ಸುಟ್ಟುಹೋದಾಗ 60,000 ರೂಪಾಯಿ ಸಾಲ ಮಾಡಿದ. ಕೊಟ್ಟವನು ಎರಡು ಖಾಲಿ ಚೆಕ್ಕಿಗೂ ಸ್ಟಾಂಪು ಹಚ್ಚಿದ ಒಂದು ಖಾಲಿ ಕಾಗದಕ್ಕೂ ರುಜು ಹಾಕಿಸಿಕೊಂಡ. "ಭದ್ರತೆಗೆ ಇರಲಿ ತಮ್ಮಾ, ಸಾಲ ತೀರಿದ ದಿನ ನಿನ್ನೆದುರೇ ಹರಿದು ಹಾಕುತ್ತೇನೆ" ಎಂದ. ಹುಡುಗ ತಿಂಗಳು ತಿಂಗಳು ಕೊಡುತ್ತಾ 40,000 ತೀರಿಸಿದ. ಎಲ್ಲವೂ ನಗದು. ರಶೀದಿ ಕೇಳಿದರೆ ನಂಬಿಕೆಯಿಲ್ಲ ಎಂದುಕೊಂಡಾರು ಎಂಬ ಸಂಕೋಚ. ಆಮೇಲೆ ಎರಡು ತಿಂಗಳು ಗಿರಣಿ ಸರಿಯಾಗಿ ನಡೆಯಲಿಲ್ಲ, ಕಂತು ತಪ್ಪಿತು. ಖಾಲಿ ಚೆಕ್ಕಿನ ಮೇಲೆ 1,80,000 ಎಂದು ಬರೆದು ಬ್ಯಾಂಕಿಗೆ ಹಾಕಿದರು. ಚೆಕ್ಕು ವಾಪಸಾಯಿತು. ಅಂಚೆಯಲ್ಲಿ ವಕೀಲರ ನೋಟೀಸು ಬಂತು. ಪಕ್ಕದಂಗಡಿಯವನು, "ತಗೋಬೇಡ, ತಗೊಂಡರೆ ಸಿಕ್ಕಿಬೀಳ್ತೀಯ" ಎಂದು ಬುದ್ಧಿ ಹೇಳಿದ. ಹುಡುಗ ಅಂಚೆಯವನಿಗೆ ಬೇಡವೆಂದು ಹೇಳಿ ಕಳಿಸಿಬಿಟ್ಟ.

ನಮ್ಮ ಬಳಿಗೆ ಬಂದದ್ದು ಸಮನ್ಸು ಬಂದು ತಿಂಗಳಾದ ಮೇಲೆ. ಚೆಕ್ಕಿನ ನಕಲು ತೋರಿಸಿದ. ರುಜುವಿನ ಕೊನೆಯಲ್ಲಿ ಒಂದು ಸುಳಿಯಿದೆ. ಆ ಸುಳಿ ಎಳೆಯುವುದನ್ನು ಏಳನೆಯ ತರಗತಿಯಲ್ಲಿ ಅವನಿಗೆ ಕಲಿಸಿದವರು ನಾವೇ. ಹೆಬ್ಬೆಟ್ಟು ಒತ್ತಬಾರದು, ರುಜು ಹಾಕಬೇಕು ಎಂದು ಕಲಿಸಿದೆವು. ಯಾವುದಕ್ಕೆ ಹಾಕಬಾರದು ಎಂಬುದನ್ನು ಕಲಿಸಲಿಲ್ಲ. ಈ ಭಾಷಣ ಆ ಬಿಟ್ಟುಹೋದ ಪಾಠ ಎಂದುಕೊಳ್ಳಿ.

"ಅಂಕಿ ಬರೆದದ್ದು ನಾನಲ್ಲವಲ್ಲ, ಆ ಚೆಕ್ಕು ಹೇಗೆ ನಡೆಯುತ್ತದೆ?" ಎಂದು ಎಲ್ಲರೂ ಕೇಳುತ್ತಾರೆ. ನಡೆಯುತ್ತದೆ. ಚೆಕ್ಕು, ಪ್ರಾಮಿಸರಿ ನೋಟುಗಳ ಕಾನೂನು 1881ರದು. ಸ್ಟಾಂಪು ಹಚ್ಚಿದ ಖಾಲಿ ಕಾಗದಕ್ಕೆ ರುಜು ಹಾಕಿ ಕೊಟ್ಟರೆ, ಪಡೆದವನು ಅದನ್ನು ಆ ಸ್ಟಾಂಪಿಗೆ ಸಲ್ಲುವ ಮೊತ್ತದವರೆಗೆ ತುಂಬಿಕೊಳ್ಳಬಹುದೆಂದು ಅದರ 20ನೆಯ ಕಲಮು ಹೇಳುತ್ತದೆ. ಚೆಕ್ಕನ್ನು ಸಾಲಕ್ಕಾಗಿಯೇ ಕೊಟ್ಟದ್ದೆಂದು ಕೋರ್ಟು ಮೊದಲಿಗೆ ಭಾವಿಸಬೇಕು ಎಂದು 139ನೆಯ ಕಲಮು ಹೇಳುತ್ತದೆ. ಸ್ವಇಚ್ಛೆಯಿಂದ ರುಜು ಹಾಕಿ ಕೊಟ್ಟ ಖಾಲಿ ಚೆಕ್ಕಿಗೂ ಇದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 2019ರಲ್ಲಿ ತೀರ್ಪು ಕೊಟ್ಟಿತು. ಅಲ್ಲಿಗೆ "ಅಷ್ಟು ಸಾಲವಿಲ್ಲ" ಎಂದು ತೋರಿಸುವ ಹೊರೆ ಬಡವನ ತಲೆಗೆ ಬಂತು. ರುಜು ಹಾಕಿಸಿಕೊಂಡವನು ಆರಾಮವಾಗಿ ಕುಳಿತಿರುತ್ತಾನೆ. ಹಾಕಿದವನು ಸಾಕ್ಷಿ ಹುಡುಕಿಕೊಂಡು ಅಲೆಯುತ್ತಾನೆ.

ಹಾಗಂತ ಬಾಗಿಲು ಮುಚ್ಚಿಲ್ಲ. 2010ರಲ್ಲಿ ರಂಗಪ್ಪ ಎಂಬವರ ಮೊಕದ್ದಮೆಯಲ್ಲಿ ಅದೇ ಸುಪ್ರೀಂ ಕೋರ್ಟು ಒಂದು ಮಾತು ಸ್ಪಷ್ಟಪಡಿಸಿದೆ: ಆಪಾದಿತನು ತನ್ನ ಮಾತು ಹೆಚ್ಚು ಸಂಭವನೀಯವೆಂದು ತೋರಿಸಿದರೆ ಸಾಕು, ಸಂಶಯಕ್ಕೆ ಎಡೆಯೇ ಇಲ್ಲದಂತೆ ಸಾಬೀತು ಮಾಡಬೇಕಾಗಿಲ್ಲ. 2022ರಲ್ಲಿ ಇನ್ನೊಂದು ತೀರ್ಪು ಬಂತು. ಚೆಕ್ಕು ಕೊಟ್ಟ ಮೇಲೆ ಸಾಲದ ಒಂದು ಭಾಗ ತೀರಿಸಿದ್ದೀರಿ ಎನ್ನಿ. ಅದನ್ನು ಚೆಕ್ಕಿನ ಮೇಲೆ ನಮೂದಿಸದೆ ಪೂರ್ತಿ ಮೊತ್ತಕ್ಕೆ ಬ್ಯಾಂಕಿಗೆ ಹಾಕಿದರೆ, ಚೆಕ್ಕು ವಾಪಸಾದರೂ 138ನೆಯ ಕಲಮಿನ ಅಪರಾಧವಾಗುವುದಿಲ್ಲ. ನಮ್ಮ ಹುಡುಗನಿಗೆ ಹೇಳಿ ಮಾಡಿಸಿದಂಥ ತೀರ್ಪು! ಆದರೆ 40,000 ತೀರಿಸಿದ್ದಕ್ಕೆ ಅವನ ಬಳಿ ಒಂದು ಚೂರು ಕಾಗದವಿಲ್ಲ.

ಆದ್ದರಿಂದ ರಶೀದಿ ಕೇಳಿ. 5,000 ರೂಪಾಯಿಗೆ ಮೇಲ್ಪಟ್ಟರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಹಚ್ಚಿ ರುಜು ಮಾಡಬೇಕು. ರಶೀದಿ ಕೊಡಲೊಲ್ಲದವನಿಗೆ ನಗದು ಕೊಡಬೇಡಿ. ಬ್ಯಾಂಕಿನ ಮೂಲಕವೋ ಫೋನಿನ ಮೂಲಕವೋ ಕಳಿಸಿ, ಲೆಕ್ಕದಲ್ಲಿ ಗುರುತು ಉಳಿಯುತ್ತದೆ. ಚೆಕ್ಕು ಕೊಡಲೇಬೇಕಾದರೆ ಮೊತ್ತ, ಹೆಸರು, ತಾರೀಖು ಮೂರನ್ನೂ ನೀವೇ ತುಂಬಿ, ಚೆಕ್ಕಿನ ಸಂಖ್ಯೆ ಬರೆದಿಟ್ಟುಕೊಳ್ಳಿ. "ನನ್ನ ಮೇಲೆ ನಂಬಿಕೆ ಇಲ್ಲವೇ?" ಎಂದು ಸಾಹುಕಾರ ಮುಖ ಸಿಂಡರಿಸಬಹುದು. ನಂಬಿಕೆಯಿದ್ದರೆ ಅವನಿಗಾದರೂ ಖಾಲಿ ಚೆಕ್ಕು ಏಕೆ ಬೇಕಿತ್ತು?

ಇನ್ನು ದಿನಗಳ ಲೆಕ್ಕ, ಇದನ್ನು ಬರೆದುಕೊಳ್ಳಿ. ಚೆಕ್ಕಿನ ಆಯುಷ್ಯ ಅದರ ತಾರೀಖಿನಿಂದ 3 ತಿಂಗಳು. ಹಣವಿಲ್ಲವೆಂದು ಬ್ಯಾಂಕು ವಾಪಸು ಮಾಡಿದ ಸುದ್ದಿ ತಿಳಿದ 30 ದಿನದೊಳಗೆ ಅವನು ನೋಟೀಸು ಕೊಡಬೇಕು. ನೋಟೀಸು ಮುಟ್ಟಿದ 15 ದಿನದೊಳಗೆ ನೀವು ಹಣ ಕೊಟ್ಟರೆ ಅಪರಾಧವೇ ಆಗುವುದಿಲ್ಲ. ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಅವನು ಮ್ಯಾಜಿಸ್ಟ್ರೇಟರಲ್ಲಿ ಫಿರ್ಯಾದು ಹಾಕಬೇಕು. ಶಿಕ್ಷೆ 2 ವರ್ಷದವರೆಗೆ ಸಜೆ, ಇಲ್ಲವೇ ಚೆಕ್ಕಿನ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. ಆದರೆ ಇದು ಜಾಮೀನು ಸಿಗುವ, ರಾಜಿಗೆ ಅವಕಾಶವಿರುವ ಅಪರಾಧ. ನೋಟೀಸು ಬಂದ ಕೂಡಲೇ ಊರು ಬಿಟ್ಟು ಓಡಬೇಕಾಗಿಲ್ಲ.

ನೋಟೀಸನ್ನು ಹಿಂದಕ್ಕೆ ಕಳಿಸಿದರೆ ಬಚಾವಾದೆವು ಎಂಬುದು ಶುದ್ಧ ಭ್ರಮೆ. ಸರಿಯಾದ ವಿಳಾಸಕ್ಕೆ ಕಳಿಸಿದ್ದನ್ನು ಬೇಡವೆಂದರೆ ಮುಟ್ಟಿದಂತೆಯೇ ಲೆಕ್ಕ. ನಮ್ಮ ಹುಡುಗ ಬೇಡವೆಂದದ್ದರಿಂದ ಅವನ 15 ದಿನವೂ ಹೋಯಿತು, ಉತ್ತರ ಬರೆಯುವ ಅವಕಾಶವೂ ಹೋಯಿತು. ಪಡೆದುಕೊಂಡಿದ್ದರೆ, "ಸಾಲ ಇಷ್ಟು, ತೀರಿಸಿದ್ದು ಇಷ್ಟು, ಚೆಕ್ಕು ಭದ್ರತೆಗೆ ಕೊಟ್ಟದ್ದು" ಎಂದು ಮೊದಲ ದಿನವೇ ಬರಹದಲ್ಲಿ ಹೇಳಬಹುದಿತ್ತು. ನೋಟೀಸು ನಿಜವಾಗಿಯೂ ಮುಟ್ಟಲಿಲ್ಲ ಎನ್ನುವವನಿಗೂ ಒಂದು ದಾರಿಯಿದೆ ಎಂದು 2007ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ: ಸಮನ್ಸು ಕೈಸೇರಿದ 15 ದಿನದೊಳಗೆ ಚೆಕ್ಕಿನ ಹಣ ಕಟ್ಟಿ, ಫಿರ್ಯಾದು ವಜಾ ಮಾಡಿರೆಂದು ಕೇಳಬಹುದು. ಸಮನ್ಸಿಗೂ ಹಾಜರಾಗದಿದ್ದರೆ ಮುಂದೆ ಬರುವುದು ವಾರಂಟು.

ಬಡ್ಡಿಯ ಮಾತು. ತಿಂಗಳಿಗೆ ನೂರಕ್ಕೆ ಹತ್ತು ಎಂದರೆ ವರ್ಷಕ್ಕೆ 120. ಅಸಲನ್ನು ಮೀರಿದ ಬಡ್ಡಿ! ಲೇವಾದೇವಿಯನ್ನು ಕಸುಬಾಗಿ ಮಾಡುವವನು 1961ರ ನಮ್ಮ ರಾಜ್ಯದ ಕಾನೂನಿನಂತೆ ಲೈಸೆನ್ಸು ಪಡೆಯಬೇಕು. ವಿಪರೀತ ಬಡ್ಡಿಯನ್ನು ತಡೆಯಲು 2004ರ ಕಾನೂನಿದೆ. ಸಾಲ ವಸೂಲಿಗೆ ಹಿಂಸೆ, ಬೆದರಿಕೆ ಮಾಡುವವರ ವಿರುದ್ಧ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, 10 ವರ್ಷದವರೆಗೆ ಸಜೆ ಇಟ್ಟಿತು. ಕಾನೂನಿಗೆ ಕೊರತೆಯಿಲ್ಲ, ಠಾಣೆಗೆ ಹೋಗಿ ಬರಹದಲ್ಲಿ ದೂರು ಕೊಡುವವರು ಕಡಿಮೆ. ಹೋಗುವಾಗ ಒಬ್ಬರೇ ಹೋಗಬೇಡಿ, ನಾಲ್ಕು ಜನ ಕೂಡಿ ಹೋಗಿ.

ಸಿವಿಲ್ ಡಿಕ್ರಿಯಾಗಿ ಜಪ್ತಿ ಬಂದರೆ ಎಲ್ಲವನ್ನೂ ಹೊತ್ತೊಯ್ಯುತ್ತಾರೆ ಎಂಬ ಹೆದರಿಕೆಯೂ ಬೇಡ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕಸುಬುದಾರನ ಕಸುಬಿನ ಸಲಕರಣೆ, ರೈತನ ಬೇಸಾಯದ ಉಪಕರಣ, ಅವನ ಜೀವನಕ್ಕೆ ಬೇಕಾದ ದನ ಮತ್ತು ಬಿತ್ತನೆ ಬೀಜ, ಇವನ್ನು ಮುಟ್ಟುವಂತಿಲ್ಲವೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಹೇಳುತ್ತದೆ.

ನೀವು ಸಾಲ ಮಾಡುವವರು ಮಾತ್ರವಲ್ಲ, ಉದ್ರಿ ಕೊಡುವವರೂ ಹೌದು. ಕಿರಾಣಿ ಅಂಗಡಿಯ ಅಕ್ಕ ಆಗಲೇ ಕೇಳಿದರು, "ನಮ್ಮ ಖಾತೆ ಪುಸ್ತಕದಲ್ಲಿ ಬರೆದಿದೆ, ಸಾಲದೇ?" ಎಂದು. ಸಾಲದು ಅಕ್ಕಾ. ಕ್ರಮವಾಗಿ ಬರೆದ ಲೆಕ್ಕ ಸಾಕ್ಷ್ಯ ಹೌದು, ಆದರೆ ಅದೊಂದರ ಮೇಲೆಯೇ ಕೋರ್ಟು ಹಣ ಕೊಡಿಸುವುದಿಲ್ಲ. ಮೇಲಾಗಿ ಇಂಥ ಬಾಕಿಯ ದಾವೆಗೆ ಸಾಮಾನ್ಯವಾಗಿ 3 ವರ್ಷದ ವಾಯಿದೆ. ದೀಪಾವಳಿಗೆ ಹೊಸ ಪುಸ್ತಕ ಪೂಜೆ ಮಾಡುತ್ತೀರಲ್ಲ, ಆಗಲೇ ಗಿರಾಕಿಯನ್ನು ಕರೆದು ಹಳೆಯ ಬಾಕಿಯ ಕೆಳಗೆ "ಇಷ್ಟು ಕೊಡಬೇಕಾದ್ದು ನಿಜ" ಎಂದು ಬರೆಸಿ, ತಾರೀಖು ಹಾಕಿಸಿ, ರುಜು ಪಡೆಯಿರಿ. 3 ವರ್ಷ ಮುಗಿಯುವುದರೊಳಗೆ ಪಡೆದರೆ ಆ ದಿನದಿಂದ ವಾಯಿದೆ ಹೊಸದಾಗಿ ಆರಂಭವಾಗುತ್ತದೆ. ಆದರೆ ನೀವೂ ಗಿರಾಕಿಯಿಂದ ಖಾಲಿ ಕಾಗದಕ್ಕೆ ರುಜು ಹಾಕಿಸಿಕೊಳ್ಳಬೇಡಿ!

ವಕೀಲರ ಫೀಜು ಎಲ್ಲಿಂದ ತರುವುದು ಎನ್ನುತ್ತೀರಿ. ತಾಲ್ಲೂಕು ಕೋರ್ಟಿನ ಆವರಣದಲ್ಲಿಯೇ ಕಾನೂನು ಸೇವಾ ಸಮಿತಿಯಿದೆ. 1987ರ ಕಾನೂನಿನಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಅಂಗವಿಕಲರಿಗೆ ವರಮಾನ ನೋಡದೆ ಪುಕ್ಕಟೆ ವಕೀಲರನ್ನು ಕೊಡಬೇಕು. ಉಳಿದವರಿಗೆ ವರಮಾನದ ಮಿತಿಯಿದೆ. 15100ಕ್ಕೆ ಫೋನು ಮಾಡಿಯೂ ಕೇಳಬಹುದು. ರಾಜಿಯಾಗುವುದಿದ್ದರೆ ಲೋಕ ಅದಾಲತ್ತಿದೆ. ಅಲ್ಲಿ ಆದ ತೀರ್ಮಾನದ ಮೇಲೆ ಅಪೀಲಿಲ್ಲ, ಆದ್ದರಿಂದ ಅಲ್ಲಿಯೂ ಓದಿಸಿ ಕೇಳಿದ ಮೇಲೆಯೇ ರುಜು.

ನಮ್ಮ ಹುಡುಗನಿಗೆ ಆ ಸಮಿತಿಯಿಂದಲೇ ವಕೀಲರು ಸಿಕ್ಕಿದ್ದಾರೆ. ಅವನು ಹಣ ಎಣಿಸಿ ಕೊಡುವುದನ್ನು ಕಂಡ ಇಬ್ಬರು ಸಾಕ್ಷಿ ಹೇಳಲು ಒಪ್ಪಿದ್ದಾರೆ. ಒಬ್ಬರು ಹಿಂದೇಟು ಹಾಕುತ್ತಿದ್ದಾರೆ. ಅವರೂ ಈ ಸಭೆಯಲ್ಲಿ ಕುಳಿತಿದ್ದಾರೆ, ಹೆಸರು ಹಿಡಿದು ಕರೆಯುವುದಿಲ್ಲ. ಇನ್ನು ಯಾರ ಮನೆಗಾದರೂ ನೋಟೀಸು ಬಂದಿದ್ದರೆ ಈಗಲೇ ಮುಂದಕ್ಕೆ ತನ್ನಿ, ದೀಪ ಆರಿಸುವ ಮೊದಲು ತಾರೀಖು ನೋಡಿಬಿಡೋಣ.