ಚುಕ್ಕೆಯ ಲೆಕ್ಕ, ಕಣ್ಣಿನ ಲೆಕ್ಕ
(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಏಳನೆಯ ಇಯತ್ತೆಯವರೆಗೆ ಓದಿ, ಹೋಟೆಲುಗಳಲ್ಲಿ ದುಡಿದು ಬಂದವನು, ಇಂಜಿನಿಯರನಲ್ಲ. ಆದರೂ ಕಂಪ್ಯೂಟರಿನ ಪರದೆಯ ವಿಷಯವಾಗಿ ಮಾತನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ಕಾರಣವಿಷ್ಟೆ. ನಮ್ಮ ವಾಚನಾಲಯಕ್ಕೆ ಎರಡು ಕಂಪ್ಯೂಟರು ತರಬೇಕೆಂದು ನೀವು ಪಗಾರದಲ್ಲಿ ಉಳಿಸಿ ವಂತಿಗೆ ಕೊಟ್ಟಿದ್ದೀರಿ. ಕೆಲವರು ಮಕ್ಕಳ ಓದಿಗಾಗಿ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆಯಲ್ಲಿದ್ದೀರಿ. ಬೆವರಿನ ದುಡ್ಡು ಅಂಗಡಿಯವನ ಬಾಯಿಮಾತಿಗೆ ಹೋಗಬಾರದು.

ಹೆಂಗಸರು ಅಂಗಳದಲ್ಲಿ ಚುಕ್ಕೆಯಿಟ್ಟು ರಂಗವಲ್ಲಿ ಬರೆಯುವುದನ್ನು ಊರಿನಲ್ಲಿ ಎಲ್ಲರೂ ಕಂಡಿದ್ದೀರಿ. ಕಂಪ್ಯೂಟರಿನ ಪರದೆಯೂ ಅಂಥ ಚುಕ್ಕೆಗಳ ಸಾಲೇ. ಈ ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. ಅಡ್ಡಕ್ಕೆ ಎಷ್ಟು ಚುಕ್ಕೆ, ಎತ್ತರಕ್ಕೆ ಎಷ್ಟು ಚುಕ್ಕೆ ಎಂಬ ಲೆಕ್ಕಕ್ಕೆ ರೆಸಲ್ಯೂಶನ್ ಎನ್ನುತ್ತಾರೆ. 1366ಕ್ಕೆ 768 ಎಂದರೆ ಸುಮಾರು ಹತ್ತೂವರೆ ಲಕ್ಷ ಚುಕ್ಕೆ. ಫುಲ್ ಎಚ್‌ಡಿ ಎಂದರೆ 1920ಕ್ಕೆ 1080. ಇಪ್ಪತ್ತು ಲಕ್ಷ ದಾಟಿತು. ಫೋರ್ ಕೆ ಎಂದರೆ 3840ಕ್ಕೆ 2160. ಸುಮಾರು 83 ಲಕ್ಷ.

ಸಂಖ್ಯೆ ದೊಡ್ಡದಾದರೆ ಪರದೆ ಒಳ್ಳೆಯದೆಂದು ಅಂಗಡಿಯವನು ಹೇಳುತ್ತಾನೆ. ಅದು ಅರ್ಧ ಸತ್ಯ. ಒಂದು ಕೊಳಗ ಸಾಂಬಾರನ್ನು ಐವತ್ತು ಜನಕ್ಕೂ ಬಡಿಸಬಹುದು, ನೂರು ಜನಕ್ಕೂ ಬಡಿಸಬಹುದು. ತಟ್ಟೆಗೆ ಬೀಳುವುದು ಎಷ್ಟೆಂಬುದು ಮುಖ್ಯ. ಹಾಗೆಯೇ ಫುಲ್ ಎಚ್‌ಡಿಯ ಚುಕ್ಕೆಗಳನ್ನು 15.6 ಇಂಚಿನ ಲ್ಯಾಪ್‌ಟಾಪಿನಲ್ಲಿ ಹರಡಿದರೆ ಇಂಚಿಗೆ 141 ಬೀಳುತ್ತವೆ. 24 ಇಂಚಿನ ಮಾನಿಟರಿನಲ್ಲಿ ಸುಮಾರು 92. 27 ಇಂಚಿನದರಲ್ಲಿ 82 ಮಾತ್ರ. ಆದುದರಿಂದ ಕೇಳಬೇಕಾದ ಪ್ರಶ್ನೆ, "ಪರದೆ ಎಷ್ಟು ದೊಡ್ಡದು?" ಎಂದಷ್ಟೇ ಅಲ್ಲ, "ಇಂಚಿಗೆ ಎಷ್ಟು ಚುಕ್ಕೆ?" ಎಂದು.

ಕನ್ನಡಿಗರಾದ ನಮಗೆ ಈ ಪ್ರಶ್ನೆ ಇನ್ನೂ ಮುಖ್ಯ. ಇಂಗ್ಲಿಷ್ ಅಕ್ಷರವನ್ನು ಐದು ಚುಕ್ಕೆ ಅಗಲ, ಏಳು ಚುಕ್ಕೆ ಎತ್ತರದ ಮನೆಯೊಳಗೆ ಕೂರಿಸಿಬಿಡಬಹುದು. ನಮ್ಮ "ರಾಷ್ಟ್ರ" ಎಂಬ ಮಾತನ್ನು ಅಲ್ಲಿ ಕೂರಿಸಿ ನೋಡಿ! ಷಕಾರದ ಕೆಳಗೆ ಟಕಾರ, ಅದಕ್ಕಂಟಿ ರಕಾರದ ಒತ್ತು. ದಕಾರಕ್ಕೂ ಧಕಾರಕ್ಕೂ ಇರುವ ಅಂತರ ಒಂದು ಸಣ್ಣ ಸೀಳು. ಪಕಾರಕ್ಕೂ ಷಕಾರಕ್ಕೂ ಒಂದು ಗೀಟು. ಚುಕ್ಕೆ ಸಾಲದಿದ್ದರೆ ಮೊದಲು ಅಳಿಯುವುದು ಈ ಸೀಳು, ಈ ಗೀಟು. ಕಿನ್ನಿಕಂಬಳದ ಕೆ. ಪಿ. ರಾಯರು ಕನ್ನಡವನ್ನು ಕಂಪ್ಯೂಟರಿಗೆ ತರಲು ಶ್ರಮಪಟ್ಟವರು. ಅವರೂ ಈ ಮುಂಬಯಿಯಲ್ಲಿ ಉದ್ಯೋಗ ಮಾಡಿದವರೇ. ಅಷ್ಟು ಶ್ರಮದಿಂದ ಬಂದ ಅಕ್ಷರವನ್ನು ನಾವು ಮಸುಕಾಗಿ ಓದಬೇಕೇ?

ಇನ್ನು ದಿನವೂ ನಡೆಯುವ ಒಂದು ತಪ್ಪನ್ನು ಹೇಳುತ್ತೇನೆ. ಉಪನಗರದ ಒಂದು ಹೋಟೆಲಿನ ಗಲ್ಲೆಯಲ್ಲಿ ನಮ್ಮವನೊಬ್ಬನು ದಿನಕ್ಕೆ ಹನ್ನೊಂದು ತಾಸು ಬಿಲ್ಲು ಹೊಡೆಯುತ್ತಿದ್ದನು. ಅಕ್ಷರ ಸಣ್ಣದಾಯಿತೆಂದು ಯಾರೋ 1366ಕ್ಕೆ 768ರ ಪರದೆಯನ್ನು 1024ಕ್ಕೆ 768 ಮಾಡಿಟ್ಟರು. ಅಕ್ಷರ ದಪ್ಪವಾಯಿತು, ಅಡ್ಡಕ್ಕೆ ಹಿಗ್ಗಿತು, ಅಂಚು ಮಸುಕಾಯಿತು. ಆರು ಎಂಟಾಗಿ ಕಂಡಿತು. ತಲೆನೋವು ಅವನದು, ಲೆಕ್ಕ ತಪ್ಪಿದಾಗ ಪಗಾರದಿಂದ ಮುರಿದುಕೊಂಡ ಹಣವೂ ಅವನದೇ. ಧನಿಗಳು ಅವನನ್ನು ಬೈದರು. ಪರದೆಯನ್ನು ಯಾರೂ ನೋಡಲಿಲ್ಲ.

ಈಗಿನ ಪರದೆಯ ಚುಕ್ಕೆಗಳು ಕಾರಖಾನೆಯಲ್ಲಿಯೇ ಎಣಿಸಿ ಕೂರಿಸಿದವು. 1920 ಚುಕ್ಕೆಯ ಪರದೆಗೆ 1366ರ ಚಿತ್ರ ಕೊಟ್ಟರೆ, ಚಿತ್ರದ ಒಂದು ಚುಕ್ಕೆ ಪರದೆಯ ಸುಮಾರು 1.4 ಚುಕ್ಕೆಯ ಮೇಲೆ ಬೀಳಬೇಕು. ಚುಕ್ಕೆಯನ್ನು ತುಂಡರಿಸಲಾಗದು, ಆದ್ದರಿಂದ ಯಂತ್ರ ಪಕ್ಕದ ಬಣ್ಣ ಕಲಸಿ ಮಸುಕು ಮಾಡುತ್ತದೆ. ಹುಟ್ಟಿನ ಲೆಕ್ಕಕ್ಕೆ ನೇಟಿವ್ ಎನ್ನುತ್ತಾರೆ. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಸಾಮಾನ್ಯವಾಗಿ ಅದರ ಮುಂದೆಯೇ ರೆಕಮೆಂಡೆಡ್ ಎಂದು ಬರೆದಿರುತ್ತದೆ. ಅದನ್ನು ಕದಲಿಸಬೇಡಿ. ಅಕ್ಷರ ದೊಡ್ಡದಾಗಬೇಕಿದ್ದರೆ ಅಲ್ಲಿಯೇ ಸ್ಕೇಲ್ ಎಂದಿದೆ. 125 ಅಥವಾ 150 ಮಾಡಿ. ಅಕ್ಷರ ಬೆಳೆಯುತ್ತದೆ, ಅಂಚು ಉಳಿಯುತ್ತದೆ. ಬಿಲ್ಲಿನ ಪ್ರೋಗ್ರಾಮ್ ತೀರ ಹಳೆಯದಾಗಿ, ಸ್ಕೇಲಿನಿಂದಲೂ ಮಸುಕಾದರೆ, ಆ ಪ್ರೋಗ್ರಾಮಿನೊಳಗೇ ಅಕ್ಷರ ದೊಡ್ಡದು ಮಾಡಲು ಬರುವುದೇ ನೋಡಿ.

ಗ್ರಾಂಟ್ ರೋಡ್ ಸ್ಟೇಶನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗುವವರು ನಾಲ್ಕು ಮಾತು ನೆನಪಿಡಿ.

ಒಂದು: ಮಕ್ಕಳ ಲ್ಯಾಪ್‌ಟಾಪ್ 14 ಇಂಚಿನದಿರಲಿ, 15.6ರದಿರಲಿ, ಫುಲ್ ಎಚ್‌ಡಿ ಸಾಕು. ಬಳಸಿದ ಮಾಲಿನಲ್ಲಿ 1366ರದು ಅಗ್ಗವಾಗಿ ಸಿಗುತ್ತದೆ. ಆದರೆ ಎತ್ತರ 768 ಚುಕ್ಕೆ ಮಾತ್ರ, ಪುಟದ ಸ್ವಲ್ಪವೇ ಭಾಗ ಕಾಣುತ್ತದೆ.

ಎರಡು: ಮೇಜಿನ ಮಾನಿಟರಾದರೆ ಫುಲ್ ಎಚ್‌ಡಿಗೆ 21.5ರಿಂದ 24 ಇಂಚು ಸರಿ. 27 ಬೇಕೆಂದರೆ 2560ಕ್ಕೆ 1440ರದನ್ನು ಕೇಳಿ; ಆಗ ಇಂಚಿಗೆ 109 ಚುಕ್ಕೆ ಬರುತ್ತವೆ.

ಮೂರು: ಫೋರ್ ಕೆ ಅಕ್ಷರ ನಿಜಕ್ಕೂ ಸೊಗಸು. ಆದರೆ ಬೆಲೆ ಹೆಚ್ಚು. ಲ್ಯಾಪ್‌ಟಾಪಿನಲ್ಲಾದರೆ ಬ್ಯಾಟರಿಯನ್ನೂ ಹೆಚ್ಚು ತಿನ್ನುತ್ತದೆ. ಹಳೆಯ ಕಂಪ್ಯೂಟರಿಗೆ ಅದನ್ನು ಎಳೆಯುವ ಶಕ್ತಿ ಇದೆಯೇ ಎಂದು ಮೊದಲು ವಿಚಾರಿಸಿ.

ನಾಲ್ಕು: "ಫುಲ್ ಎಚ್‌ಡಿ ಸಪೋರ್ಟ್" ಎಂಬ ಮಾತಿಗೆ ಮರುಳಾಗಬೇಡಿ. ಸಪೋರ್ಟ್ ಬೇರೆ, ನೇಟಿವ್ ಬೇರೆ. ಪೆಟ್ಟಿಗೆಯ ಮೇಲಿನ ಲೆಕ್ಕ ಓದಿ. ಅಂಗಡಿಯಲ್ಲೇ ಕನ್ನಡದ ಒಂದು ಪುಟ ತೆರೆಸಿ, ಒತ್ತಕ್ಷರ ನೋಡಿ, ಆಮೇಲೆ ದುಡ್ಡು ಎಣಿಸಿ.

ಅದರಂತೆ ವಾಚನಾಲಯಕ್ಕೆ 24 ಇಂಚಿನ ಫುಲ್ ಎಚ್‌ಡಿ ಎರಡು ತರೋಣವೆಂಬುದು ನನ್ನ ಸೂಚನೆ. ಗಲ್ಲೆಯಲ್ಲಿ ಕುಳಿತುಕೊಳ್ಳುವವರ ಪರವಾಗಿ ಧನಿಗಳಲ್ಲಿ ಕೇಳಬೇಕಾದುದೂ ಒಂದಿದೆ: ಹೊಸ ಯಂತ್ರವಲ್ಲ, ಇದ್ದ ಪರದೆಯನ್ನು ಅದರ ಹುಟ್ಟಿನ ಲೆಕ್ಕಕ್ಕೆ ಇಡುವುದು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ, ಎರಡು ನಿಮಿಷದ ಕೆಲಸ. ನಾಳೆ ಕೆಲಸಕ್ಕೆ ಹೋದವರು ಮೊದಲು ಅದನ್ನು ನೋಡಿರಿ. ನಿಮ್ಮಿಂದಾಗದಿದ್ದರೆ ಸಂಘದ ಕಚೇರಿಗೆ ತಿಳಿಸಿರಿ, ನಾವು ಬಂದು ಮಾತಾಡುತ್ತೇವೆ.

ನಮ್ಮ ಹಿರಿಯರು ಹಗಲೆಲ್ಲ ಟೇಬಲ್ ಒರೆಸಿ, ರಾತ್ರಿಶಾಲೆಯಲ್ಲಿ ನಿದ್ದೆಗಣ್ಣಿನಿಂದ ಅಕ್ಷರ ಕಲಿತರು. ಆ ಕಣ್ಣು ನಮ್ಮ ಬಂಡವಾಳ. ಅದನ್ನು ಕಾಯುವುದೂ ಸಂಘದ ಕೆಲಸವೇ ಎಂದು ತಿಳಿಸಿ ನನ್ನ ಮಾತು ಮುಗಿಸುತ್ತೇನೆ.