ಕೆಟ್ಟ ಅಕ್ಷರದ ಅರ್ಜಿ



ಮಕ್ತಲ್ ಕಡೆಯ ನಮ್ಮವರೊಬ್ಬರು ರಾಯಚೂರಿನಲ್ಲಿ ಕನ್ನಡದಲ್ಲಿ ಅರ್ಜಿಯನ್ನು ಟೈಪು ಮಾಡಿಸಿದರು. ಅಪ್ಪನ ಹೆಸರನ್ನು ಕೇಳಿ ತಿದ್ದಿಸೋಣವೆಂದು ಪೆನ್‌ಡ್ರೈವಿನಲ್ಲಿ ಊರಿಗೆ ತಂದರು. ಅಲ್ಲಿಯ ಅಂಗಡಿಯಲ್ಲಿ ತೆರೆದರೆ ಕನ್ನಡವೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಒಂದು ದಿನದ ಕೂಲಿ ಹೋಯಿತು, ಬಸ್ಸಿನ ದುಡ್ಡೂ ಹೋಯಿತು.

ಬರಹ ತಂತ್ರಾಂಶ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿಯೂ ಬಂತು. ಕಲಿಯಲು ಸುಲಭವೆಂದು ಬಳಸುವವರು ಹೊಗಳುತ್ತಾರೆ, ಅದು ನಿಜವೇ. ಆದರೆ ಅವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ರೂಪವನ್ನು ಹೊದಿಸಿದಂಥವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಹೊದಿಕೆ ಜಾರುತ್ತದೆ. ಬೆಂಗಳೂರಿನಲ್ಲಿ ಕುಳಿತವರಿಗೆ ಈ ಕಷ್ಟ ಅಷ್ಟಾಗಿ ತಿಳಿಯದು. ಗಡಿಯಾಚೆ ತೆಲುಗಿನ ಅಂಗಡಿಗೆ ಹೋಗುವವರಿಗೆ ತಿಳಿಯುತ್ತದೆ.

ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಸಂಕೇತಗಳಿವೆ. ನುಡಿ, ಬರಹ ಎರಡರಲ್ಲೂ ಯೂನಿಕೋಡಿನಲ್ಲಿ ಬರೆಯಬಹುದು. ತೋಟದ ಲೈನಿನಿಂದ ಊರಿಗೆ ಕಾಗದ ಕಳಿಸುವವರು ಟೈಪು ಮಾಡುವವರಿಗೆ, "ಅಣ್ಣಾ, ಯೂನಿಕೋಡಿನಲ್ಲಿ ಹೊಡೆಯಿರಿ" ಎಂದು ಕೇಳಿರಿ. ಕೈಗೆ ರೂಢಿಯಾದದ್ದನ್ನು ಬಿಡಲು ಅವರು ಗೊಣಗಬಹುದು, ಗೊಣಗಲಿ. ಒಂದು ಪ್ರಿಂಟನ್ನೂ ತೆಗೆಸಿಕೊಳ್ಳಿರಿ.

ಹಳೆಯ ಫೈಲನ್ನು ಅಳಿಸಬೇಡಿರಿ. ಅದನ್ನು ಯೂನಿಕೋಡಿಗೆ ಬದಲಾಯಿಸುವ ತಂತ್ರಾಂಶಗಳಿವೆ. ಆದರೆ ಬದಲಾಯಿಸುವಾಗ ಅರ್ಕಾವೊತ್ತು ಜಾಗ ತಪ್ಪುವುದುಂಟು. ಧರ್ಮಣ್ಣ 'ಧಮರ್ಣ್ಣ' ಆಗಿ ಬಿಡುತ್ತಾನೆ. ಸಹಿ ಹಾಕುವ ಮೊದಲು ಹೆಸರನ್ನು ಮಕ್ಕಳಿಂದಲಾದರೂ ಗಟ್ಟಿಯಾಗಿ ಓದಿಸಿ ಕೇಳಿರಿ.