ಮೇಜಿನ ಕೆಳಗಿದ್ದ ಬಾಟಲಿ

ಇವತ್ತು ನಾನು ಯಾವ ರಾಜಕಾರಣಿಯನ್ನೂ ಪ್ರಶ್ನೆ ಮಾಡಲ್ಲ. ಇವತ್ತು ಕಟಕಟೆಯಲ್ಲಿ ನಿಂತಿರೋದು ನಾನೇ.

2023ರ ಜೂನ್. ಐಸಿಎಂಆರ್‌ನ ದೊಡ್ಡ ಅಧ್ಯಯನವೊಂದು ಹೊರಗೆ ಬಂತು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ, ಮತ್ತೆ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ. ಇದೇ ಕುರ್ಚಿಯಲ್ಲಿ ಕೂತು, ಮುಖ ಗಂಭೀರ ಮಾಡಿಕೊಂಡು, 'ಎಚ್ಚೆತ್ತುಕೊಳ್ಳಿ' ಅಂತ ನಿಮಗೆಲ್ಲ ಬುದ್ಧಿ ಹೇಳಿದೆ. ಆಗ ಕ್ಯಾಮೆರಾಗೆ ಕಾಣದ ಹಾಗೆ ಮೇಜಿನ ಕೆಳಗೆ ಏನಿತ್ತು ಗೊತ್ತಾ? ಅರ್ಧ ಕುಡಿದಿಟ್ಟ ಕೋಲಾ ಬಾಟಲಿ.

ಈ ಚಟ ಶುರುವಾಗಿದ್ದು ಎಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ, ಪರೀಕ್ಷೆಯ ಹಿಂದಿನ ರಾತ್ರಿಗಳಲ್ಲಿ. ಪರೀಕ್ಷೆ ಮುಗಿದವು, ಬಾಟಲಿ ಉಳೀತು. ಒಂಬತ್ತರ ಬುಲೆಟಿನ್‌ಗೆ ಮುಂಚೆ ಒಂದು, ಮುಗಿದ ಮೇಲೆ ಒಂದು. ನಮ್ಮ ಪ್ಯಾಂಟ್ರಿಯ ಅಣ್ಣ ಕೇಳೋದೇ ಬೇಕಿರಲಿಲ್ಲ, ತಂದಿಟ್ಟು ಹೋಗ್ತಿದ್ದರು. ಅಮ್ಮ ಫೋನ್‌ನಲ್ಲಿ 'ಆ ಕರೀ ನೀರು ಬಿಡೋ ಮಾರಾಯ' ಅಂದರೆ, 'ಆಯ್ತಮ್ಮ' ಅನ್ನೋದು, ಮುಚ್ಚಳ ತಿರುಗಿಸೋದು.

ಆ ವರ್ಷವೇ ಆಫೀಸಿನಲ್ಲಿ ಆರೋಗ್ಯ ತಪಾಸಣೆ ಮಾಡಿಸಿದರು. ನನ್ನ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲು, 6.5 ಮುಟ್ಟಿದರೆ ಮಧುಮೇಹ. ಅಂದರೆ ನಾನು ಓದಿದ ಆ 13 ಕೋಟಿಯಲ್ಲಿ ನಾನೂ ಒಬ್ಬ! ನಮ್ಮಪ್ಪ ದಿನಾ ಊಟಕ್ಕೆ ಮುಂಚೆ ಅಂಗಿ ಎತ್ತಿ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳೋದನ್ನ ನೋಡ್ತಾ ಇರೋನು ನಾನು. ಆ ರಿಪೋರ್ಟನ್ನ ಅವರಿಗೆ ತೋರಿಸೋಕೆ ಧೈರ್ಯ ಬರಲಿಲ್ಲ.

ಅವತ್ತು ಮೊದಲ ಸಲ ಬಾಟಲಿಯ ಹಿಂದೆ ಏನು ಬರೆದಿದೆ ಅಂತ ಓದಿದೆ. ಸಕ್ಕರೆ, 100 ಮಿಲಿಗೆ ಸುಮಾರು 10.6 ಗ್ರಾಂ. ಗಮನಿಸಿ, ಅದು 100 ಮಿಲಿಯ ಲೆಕ್ಕ. ಇಡೀ ಬಾಟಲಿಯ ಲೆಕ್ಕ ನಾವೇ ಹಾಕಬೇಕು. 250 ಮಿಲಿಯ ಎರಡು ಬಾಟಲಿಗೆ 53 ಗ್ರಾಂ, ಅಂದರೆ ಹದಿಮೂರು ಟೀ ಚಮಚ. ಇಡೀ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೇದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ವರ್ಷಕ್ಕೆ ಗುಣಿಸಿದರೆ ಹತ್ತೊಂಬತ್ತು ಕೆಜಿ ದಾಟುತ್ತೆ. ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ತಿಂಗಳಿಗೆ ಎರಡು ಕೆಜಿ ಸಕ್ಕರೆ ತರ್ತೀವಿ. ಹತ್ತಿರ ಹತ್ತಿರ ಅಷ್ಟನ್ನ ನಾನೊಬ್ಬನೇ ಆಫೀಸಿನಲ್ಲಿ ಕುಡಿದು ಮುಗಿಸ್ತಿದ್ದೆ!

ಮಾರನೇ ದಿನವೇ ನಿಲ್ಲಿಸಿದೆ. ಎರಡನೇ ದಿನ ತಲೆ ಸಿಡಿಯೋಕೆ ಶುರುವಾಯ್ತು. ಪ್ರಾಂಪ್ಟರ್‌ನಲ್ಲಿ 'ಚಿಕ್ಕಮಗಳೂರು' ಇದ್ದದ್ದನ್ನ 'ಚಿಕ್ಕಬಳ್ಳಾಪುರ' ಅಂತ ಓದಿಬಿಟ್ಟೆ. ಆಮೇಲೆ ಡಾಕ್ಟರ್ ಹೇಳಿದರು: ಕೋಲಾದಲ್ಲಿ ಕೆಫೀನ್ ಇದೆ, ದಿನಾ ಕುಡಿಯೋರು ದಿಢೀರ್ ಅಂತ ಬಿಟ್ಟರೆ ಮೊದಲ ಎರಡು ಮೂರು ದಿನ ತಲೆನೋವು ಸಹಜ, ಹೆಚ್ಚೆಂದರೆ ಒಂದು ವಾರ, ಹತ್ತು ದಿನ. ಇದು ನನಗೆ ಮುಂಚೆ ಗೊತ್ತಿರಲಿಲ್ಲ. ಅದಕ್ಕೇ ಮೂರನೇ ದಿನ ಸೋತು ಮತ್ತೆ ಬಾಟಲಿ ಹಿಡಿದೆ.

ಎರಡನೇ ಸಲ ಹಂತ ಹಂತವಾಗಿ ಇಳಿಸಿದೆ. ಎರಡಿದ್ದದ್ದು ಒಂದು, ಒಂದಿದ್ದದ್ದು ಅರ್ಧ. ನಡುವೆ ಸಕ್ಕರೆ ಇಲ್ಲದ 'ಡಯಟ್' ಬಾಟಲಿಗೂ ಹೋಗಿ ಬಂದೆ. ಆದರೆ ತೂಕ ಇಳಿಸೋಕೆ ಇಂಥ ಸಿಹಿಕಾರಕಗಳನ್ನ ನೆಚ್ಚಿಕೊಳ್ಳಬೇಡಿ ಅಂತ 2023ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಮೇಲಾಗಿ ನಾಲಿಗೆಗೆ ಸಿಹಿಯ ಆಸೆ ಹೋಗಲೇ ಇಲ್ಲ. ಕೊನೆಗೆ ಕೈ ಹಿಡಿದದ್ದು ಬರೀ ಸೋಡಾ, ಅದಕ್ಕೆ ಅರ್ಧ ನಿಂಬೆಹಣ್ಣು, ಚಿಟಿಕೆ ಉಪ್ಪು. ನೊರೆ ಬೇಕಿತ್ತು, ಸಿಕ್ಕಿತು. ಅಲ್ಲಿಂದ ಮಜ್ಜಿಗೆಗೆ ಬಂದೆ. ಈಗ ಪ್ಯಾಂಟ್ರಿಯ ಅಣ್ಣ ಮಜ್ಜಿಗೆಗೆ ಒಂದೆಲೆ ಕರಿಬೇವು ಹಾಕೇ ತರ್ತಾರೆ.

ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದೆ. 5.8. ಇನ್ನೂ ಹೊಸ್ತಿಲು ದಾಟಿ ಆಚೆ ಬಂದಿಲ್ಲ. ಸೋಡಾ ಬಿಟ್ಟದ್ದರಿಂದಲೇ ಇಳೀತು ಅಂತಲೂ ಹೇಳಲ್ಲ, ನಡಿಗೆಯನ್ನೂ ಶುರು ಮಾಡಿದ್ದೆ. ಆದರೆ ಈ ರಿಪೋರ್ಟನ್ನ ಅಪ್ಪನಿಗೆ ತೋರಿಸಿದೆ, ಹಳೇದನ್ನೂ ಸೇರಿಸಿ. ಅವರು ಎರಡನ್ನೂ ನೋಡಿ, 'ಮೊದಲೇ ಹೇಳೋದಲ್ವೇನೋ' ಅಂದರು. ಅಷ್ಟೇ.

ಈಗ ಸರ್ಕಾರಕ್ಕೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಈ ಪಾನೀಯಗಳ ಮೇಲೆ 40 ಪರ್ಸೆಂಟ್ ಜಿಎಸ್‌ಟಿ ಇದೆ. ಒಳ್ಳೇದು. ಆದರೆ ಸಕ್ಕರೆ ಜಾಸ್ತಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಹಾಗಾದರೆ ಕಂಪನಿಯವರು ಸಕ್ಕರೆ ಯಾಕೆ ಕಡಿಮೆ ಮಾಡ್ತಾರೆ? 2018ರಲ್ಲಿ ಬ್ರಿಟನ್ ಸಕ್ಕರೆಯ ಪ್ರಮಾಣ ನೋಡಿ ತೆರಿಗೆ ಹಾಕಿತು. ತೆರಿಗೆ ಜಾರಿಯಾಗೋ ಮುಂಚೆಯೇ ಎಷ್ಟೋ ಕಂಪನಿಗಳು ಸಕ್ಕರೆ ಇಳಿಸಿದವು. ಆ ಲೆಕ್ಕ ನಮಗೆ ಯಾಕೆ ಬರಲ್ಲ?

ಇನ್ನು ನಮ್ಮ ಲೆಕ್ಕ. ನಾನು 'ಒಂದು ಸಣ್ಣ ಬ್ರೇಕ್' ಅಂದ ತಕ್ಷಣ ತೆರೆ ಮೇಲೆ ಇದೇ ತಂಪು ಪಾನೀಯದ ಜಾಹೀರಾತು ಬರಬಹುದು. ಅದು ನನ್ನ ಕೈಯಲ್ಲಿಲ್ಲ. ನನ್ನ ಸಂಬಳದಲ್ಲೂ ಅದರ ಪಾಲಿದೆ, ಮುಚ್ಚಿಡಲ್ಲ. ಆದರೆ ಆ ಬ್ರೇಕ್‌ನಲ್ಲಿ ನಿಮ್ಮ ಫ್ರಿಜ್ ಬಾಗಿಲು ತೆಗೀರಿ. ಬಾಟಲಿ ತಿರುಗಿಸಿ, ಹಿಂದಿನ ಅಂಕಿ ಓದಿ, ಮನೆಯ ಮಗು ದಿನಕ್ಕೆ ಎಷ್ಟು ಕುಡಿಯುತ್ತೆ ಅಂತ ಗುಣಿಸಿ ನೋಡಿ. ಆಮೇಲೆ ನಿರ್ಧಾರ ನಿಮ್ಮದು.